ಹದಿಮೂರರ ಮಗ್ಗಿ ಮತ್ತು ಹತ್ತನೆಯ ಹೆಸರು

ಚಿತ್ತಾಪುರದ ಕಚೇರಿಯ ಹಿಂದೆ ಬ್ಯಾಸ್ಕೆಟ್‌ಬಾಲ್ ಆಡಲು ಒಂದು ಅಂಗಳ ಇತ್ತು. ಅದಕ್ಕೆ ಫರಸಿಕಲ್ಲು ಹಾಸಿದವರು ನಾವು. ನಾವು ಎಂದರೆ ಊರ ಹೊರಗಿನ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ಹದಿನೈದಿಪ್ಪತ್ತು ಮಂದಿ, ಅವರಿಗೆ ಮುಂದಾಳು ನಾನು. ನಾವು ಹಾಸಿದ ಕಲ್ಲುಗಳ ಸಂದಿಯಲ್ಲಿ ಚಾಕುವಿನ ಮೊನೆ ಇಳಿಯುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಲ್ಲ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಮೂರನೇ ಜಮಾತಿನಲ್ಲೇ ಶಾಲೆ ಬಿಟ್ಟವನಿಗೆ ಜಂಬಪಡಲು ಕೈಕೆಲಸವಲ್ಲದೆ ಮತ್ತೇನಿರುತ್ತದೆ?

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷಗಳಾಗಿದ್ದವು. ಕಚೇರಿಗಳಿಗೆ ಹೊರಗಿನಿಂದ ಹೊಸ ಅಧಿಕಾರಿಗಳು ಬರುತ್ತಿದ್ದರು. ನಮ್ಮೂರಿಗೆ ಬಂದ ಸಾಹೇಬರು ಮದ್ರಾಸಿನ ಕಡೆಯವರು, ಇನ್ನೂ ಮೀಸೆ ದಪ್ಪವಾಗದ ವಯಸ್ಸು. ಟ್ರಂಕಿನಲ್ಲಿ ಬಟ್ಟೆಗಳ ಮೇಲೆ ಒಂದು ದೊಡ್ಡ ಚೆಂಡು ಇಟ್ಟುಕೊಂಡೇ ಬಂದಿದ್ದರು. ಬಂದ ವಾರದಲ್ಲೇ ಎರಡು ಕಂಬ ನೆಡಿಸಿದರು. ಬಂಡಿಗಾಲಿಯ ಹಳೆಯ ಪಟ್ಟಿಯನ್ನು ಕಮ್ಮಾರನಿಂದ ಬಗ್ಗಿಸಿ ಎರಡು ಬಳೆ ಮಾಡಿಸಿ ಕಂಬದ ತುದಿಗೆ ಹೊಡೆಸಿದರು. ಅದನ್ನು ನೋಡಿದ ಮುದುಕರು, "ತಳಾ ಇಲ್ಲದ ಬುಟ್ಟಿ ಅಷ್ಟ ಎತ್ತರಕ್ಕ ಯಾಕ ಕಟ್ಟ್ಯಾರ?" ಎಂದು ಕೇಳಿ ಹೋಗುತ್ತಿದ್ದರು.

ಕಲ್ಲು ಹಾಸುವ ಕೆಲಸ ಒಂದೂವರೆ ತಿಂಗಳು ನಡೆಯಿತು. ಸಂಜೆ ಕೆಲಸ ಮುಗಿದ ಮೇಲೆ ಸಾಹೇಬರಿಗೆ ಆಡಲು ಜತೆ ಬೇಕಲ್ಲ, ನಮ್ಮನ್ನೇ ಕರೆದು ಕಲಿಸಿದರು. ದಿನವಿಡೀ ಫರಸಿ ಎತ್ತಿ ಇಳಿಸುವ ಕೈಗಳಿಗೆ ಚೆಂಡು ಏನು ಭಾರ? ಕಲ್ಲು ಪೂರ್ತಿ ಹಾಸಿ, ಗೆರೆ ಎಳೆದು, ಅಂಗಳ ಕನ್ನಡಿಯಂತೆ ಆದ ಮೇಲೆ ಕಚೇರಿಯ ಗುಮಾಸ್ತರು ಒಬ್ಬೊಬ್ಬರಾಗಿ ಬಿಳಿ ಚಡ್ಡಿ ಹೊಲಿಸಿಕೊಂಡು ಬಂದರು. ಅವರಲ್ಲಿ ಮುಂದಾಳು ನನ್ನ ಜತೆಗೇ ಶಾಲೆಗೆ ಹೋದವನು. ಅವನು ಪೂರ್ತಿ ಓದಿದ, ಗುಮಾಸ್ತನಾದ. ನಾನು ನಡುವೆ ಬಿಟ್ಟೆ.

ಬಿಟ್ಟದ್ದು ಹೇಗೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಆಗ ಶಾಲೆ ಉರ್ದುವಿನಲ್ಲಿ. ನಮಗೆ ಕಲಿಸುತ್ತಿದ್ದವರನ್ನು ಊರೆಲ್ಲ ಉಸ್ತಾದ್‌ಜಿ ಎನ್ನುತ್ತಿತ್ತು. ಅವರು ಯಾರನ್ನೂ ಹೊಡೆದವರಲ್ಲ. ಆದರೆ ಮಗ್ಗಿ ಒಪ್ಪಿಸುವಾಗ ಅವರದೊಂದು ಪದ್ಧತಿ ಇತ್ತು. ಕಣ್ಣು ಮುಚ್ಚಿ, ಬಲಗೈ ತೋರುಬೆರಳು ಎತ್ತಿ ನಿಲ್ಲುವರು. ಆಗ ಸೊಳ್ಳೆ ಕೂಡ ಗುಂಯ್ ಎನ್ನಬಾರದು. ತಪ್ಪಿದರೆ ಬೆರಳು ಇಳಿಸದೆಯೇ "ಫಿರ್ ಸೇ" ಎನ್ನುವರು, ಮತ್ತೆ ಮೊದಲಿನಿಂದ ಹೇಳಬೇಕು. ಒಂದು ದಿನ ಹದಿಮೂರರ ಮಗ್ಗಿ. ತೇರಾ ನಾಮೆ, ಅಂದರೆ ಹದಿಮೂರೊಂಬತ್ತಲೆ, ಅಲ್ಲಿಗೆ ಬಂದು ಸಿಕ್ಕಿಕೊಂಡೆ. ಮೂರು ಸಲ ಫಿರ್ ಸೇ ಆಯಿತು. ನಾಲ್ಕನೆಯ ಸಲಕ್ಕೆ ನೀರು ಕುಡಿದು ಬರುತ್ತೇನೆಂದು ಕೇಳಿ ಹೊರಗೆ ಬಂದೆ. ಬಾವಿಯ ಹತ್ತಿರ ಗಣಿಗೆ ಹೊರಟಿದ್ದ ಅಪ್ಪ ಸಿಕ್ಕ. ಅವನ ಹಿಂದೆಯೇ ಹೋದವನು ಮತ್ತೆ ಶಾಲೆಯ ಕಡೆ ಬರಲಿಲ್ಲ. ಅಂದಿನಿಂದ ಗುಮಾಸ್ತ ನನಗೆ ಇಟ್ಟ ಹೆಸರು ತೇರಾ ನಾಮೆ. ಊರಲ್ಲಿ ಅರ್ಧ ಮಂದಿ ನನ್ನನ್ನು ಹಾಗೇ ಕರೆಯುತ್ತಿದ್ದರು. ಎದುರಿಗೆ ಉಸ್ತಾದರು ಬಂದರೆ ನಾನು ಓಣಿ ಬದಲಿಸುತ್ತಿದ್ದೆ.

ಗುಮಾಸ್ತರು ಕ್ಲಬ್ಬು ಮಾಡಿದ ಮರುವಾರ ನಾವು ಎಂದಿನಂತೆ ಆಡಲು ಹೋದರೆ ಆ ಗುಮಾಸ್ತ ಗೆರೆಯ ಮೇಲೆ ನಿಂತಿದ್ದ.

"ಎಲ್ಲಿ ಬಂದ್ಯೋ ತೇರಾ ನಾಮೆ?"

"ಆಡಾಕ."

"ಕಲ್ಲು ಹಾಸವರು ಬ್ಯಾರೆ, ಆಡವರು ಬ್ಯಾರೆ. ಮನಿ ಕಟ್ಟಿದ ಗೌಂಡಿ ಅದೇ ಮನ್ಯಾಗ ಮಲಗ್ತಾನೇನು?"

"ಮನಿ ಯಜಮಾನ ಹೊತ್ತಿಗೆ ಬರದಿದ್ರ ಮಲಗ್ತಾನ ಬಿಡು," ಎಂದು ನಮ್ಮವನೊಬ್ಬ ಹಿಂದಿನಿಂದ ಕೂಗಿದ. ಕೈಕೈ ಹತ್ತುವುದೊಂದು ಬಾಕಿ. ಮಾತು ಸಾಹೇಬರ ತನಕ ಹೋಯಿತು. ಅವರಿಗೆ ಕಚೇರಿಯವರನ್ನೂ ಬಿಡಲಾಗದು, ನಮ್ಮನ್ನೂ ಬಿಡಲಾಗದು. ಪಂದ್ಯ ಇಟ್ಟರು. ನಾಲ್ಕು ತಂಡ: ನಾವು, ಕಚೇರಿಯವರು, ವಾಡಿಯ ರೈಲ್ವೆಯವರು, ಸೇಡಮಿನವರು. ಬೆಳಿಗ್ಗೆ ಸೋತವರು ಮನೆಗೆ, ಗೆದ್ದ ಇಬ್ಬರಿಗೆ ಸಂಜೆ ಕೊನೆಯ ಆಟ. ಅದನ್ನು ನಾವು ಗೆದ್ದರೆ ಪ್ರತಿ ಭಾನುವಾರ ಅಂಗಳ ನಮ್ಮದು, ಗಣಿಗೆ ರಜೆ ಇದ್ದದ್ದು ಅದೊಂದೇ ದಿನ. ಸೋತರೆ ಮತ್ತೆ ಅಂಗಳ ತುಳಿಯುವ ಮಾತು ಎತ್ತಬಾರದು. ನಾನು ಒಪ್ಪಿದೆ.

ಒಂದು ಕಾಯಿದೆ ಇತ್ತು. ಪ್ರತಿ ತಂಡದವರು ಹತ್ತು ಹೆಸರು ಬರೆದು ಗುರುವಾರ ಸಂಜೆಯೊಳಗೆ ಕಚೇರಿಗೆ ಕೊಡಬೇಕು. ಆಮೇಲೆ ಒಂದು ಹೆಸರೂ ಬದಲಾಗದು. ಐವರು ಆಡುವರು, ಉಳಿದವರು ಬೇಕಾದಾಗ ಒಳಗೆ ಬರುವರು.

ನಮ್ಮವರೆಲ್ಲ ಚೆನ್ನಾಗಿ ಆಡುವ ಹತ್ತು ಮಂದಿಯನ್ನು ಆರಿಸಿದರೆ ಮುಗಿಯಿತು ಎಂದುಕೊಂಡಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಲ್ಲು ಹಾಸುವವನು ಚೆಂದದ ಕಲ್ಲನ್ನು ಮೊದಲು ಎತ್ತಿಕೊಳ್ಳುವುದಿಲ್ಲ. ಪಕ್ಕದ ಕಲ್ಲಿನ ಅಂಚು ಹೇಗಿದೆ ಎಂದು ನೋಡಿ ಅದಕ್ಕೆ ಕೂಡುವುದನ್ನು ಹುಡುಕುತ್ತಾನೆ. ಎದುರಿಗೆ ಬರುವವರು ಯಾರು ಎಂದು ನೋಡದೆ ನಮ್ಮವರನ್ನು ಹೇಗೆ ಆರಿಸುವುದು?

ಬೆಳಿಗ್ಗೆ ನಮಗೆ ಎದುರಾಗುವ ವಾಡಿಯವರ ಬಲವೆಲ್ಲ ಒಬ್ಬನಲ್ಲಿತ್ತು. ಇಂಜಿನ್ನಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್. ತೆಂಗಿನ ಮರದಷ್ಟು ಎತ್ತರ, ಸಲಿಕೆಯಷ್ಟು ಅಗಲದ ಅಂಗೈ. ಹಿಂದೊಮ್ಮೆ ಸುಮ್ಮನೆ ಆಡಿದಾಗ ಅವನೊಬ್ಬನೇ ನಮ್ಮ ಐವರನ್ನೂ ಬದಿಗೊತ್ತಿ ಚೆಂಡು ಹಾಕಿದ್ದ. ಅವನನ್ನು ತಡೆಯುವಷ್ಟು ಎತ್ತರದವನು ನಮ್ಮಲ್ಲಿ ಇರಲಿಲ್ಲ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಮಧ್ಯಾಹ್ನ, ರೊಟ್ಟಿ ತಿನ್ನುವಾಗ, ನನ್ನ ಕಣ್ಣು ನಮ್ಮ ಗಣಿಯ ಹಿರಿಯ ಕಲ್ಲು ಸೀಳುವವನ ಮೇಲೆ ಬಿತ್ತು. ಐವತ್ತು ದಾಟಿದ ಭಂಕೂರಿನ ಮುದುಕ. ಚೆಂಡನ್ನು ಒಮ್ಮೆಯೂ ಮುಟ್ಟಿದವನಲ್ಲ. ಆದರೆ ಆ ಫೈರ್‌ಮನ್ ನಾಲ್ಕು ತಿಂಗಳ ಕೆಳಗೆ ಮದುವೆಯಾದದ್ದು ಇವನ ಮಗಳನ್ನೇ.

"ಕಾಕಾ, ನೀ ನಮ್ಮ ಕೂಡ ಆಡಬೇಕು."

"ಹುಚ್ಚು ಹಿಡದದೇನು? ನಾ ಚೆಂಡು ಹಿಡದವನೇ ಅಲ್ಲ."

"ಚೆಂಡು ಹಿಡೀಬ್ಯಾಡ. ನಿನ್ನ ಅಳಿಯನ ಮುಂದ ನಿಂದ್ರು, ಸಾಕು."

ಮುದುಕ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. ಅವನಿಗೆ ಅರ್ಥವಾಯಿತು. ಮುಖದ ಮೇಲೆ ನಿಧಾನವಾಗಿ ನಗು ಹರಡಿತು.

"ಮದುವಿ ಟೈಮಿನ್ಯಾಗ ಆ ಮಗ ಸೈಕಲ್ ಬೇಕು ಅಂತ ಹಂದರದಾಗ ಎರಡು ತಾಸು ಮುನಿಸ್ಕೊಂಡು ಕುಂತಿದ್ದ," ಎಂದ. "ಆದ್ರ ಚಡ್ಡಿ ಹಾಕ್ಕೊಳ್ಳೋದಿಲ್ಲ ನೋಡು. ಅಳಿಯನ ಮುಂದ ಚಡ್ಡಿ ಹಾಕ್ಕೊಂಡು ನಿಂತ್ರ ಬೀಗರು ಏನಂದಾರು?"

"ಧೋತರ ಉಟ್ಕೊಂಡೇ ಬಾ."

ಹೀಗೆ ಒಂಬತ್ತು ಹೆಸರು ಆದವು. ಹತ್ತನೆಯದು ನಮ್ಮ ಹಮಾಲನದಾಗಬೇಕಿತ್ತು. ಚಿಂಚೋಳಿಯ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು, ಎರಡು ಫರಸಿಯನ್ನು ಒಟ್ಟಿಗೆ ಹೊರುವವನು, ಆಟವೂ ಚೆನ್ನ. ಆದರೆ ಪಟ್ಟಿ ಬರೆದವನು ನಾನು, ನನ್ನ ಕೈಯಾರೆ, ದುಂಡಗೆ. ಅಷ್ಟು ದುಂಡಗೆ ಬರೆದ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲದಿದ್ದರೆ ಹೇಗೆ? ಹಮಾಲನನ್ನು ಬಿಟ್ಟು ಹತ್ತನೆಯದಾಗಿ ನನ್ನ ಹೆಸರು ಬರೆದುಕೊಂಡೆ. ಅವನು ಚೆಂಡು ನನ್ನ ಕೈಗಿಟ್ಟು ಫರಸಿ ಹೊರಲು ಹೋದ. ಅದೇ ನನಗೆ ಚುಚ್ಚಿತು, ಆದರೆ ಹೆಸರು ಅಳಿಸುವಷ್ಟು ಚುಚ್ಚಲಿಲ್ಲ.

ಗುರುವಾರ ಪಟ್ಟಿ ತೆಗೆದುಕೊಳ್ಳಲು ಕಚೇರಿಯಲ್ಲಿ ಕುಳಿತಿದ್ದವನು ಅದೇ ಗುಮಾಸ್ತ. ಓದುತ್ತಾ ಮುದುಕನ ಹೆಸರಿಗೆ ಬಂದು ಬೆರಳಿಟ್ಟ.

"ಈ ಕಾಕಾ ಏನ್ ಮಾಡ್ತಾನಲೇ ಅಲ್ಲಿ? ಅಂಗಳ ಕಸ ಹೊಡೀತಾನೇನು?"

ನಾನು ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಆದರೆ ಓದಿದವನಿಗೆ ಓದದವನು ಬುದ್ಧಿ ಹೇಳುವ ಅವಕಾಶ ದಿನಾ ಸಿಗುತ್ತದೆಯೇ? ಕುರ್ಚಿ ಎಳೆದುಕೊಂಡು ಕುಳಿತು, ಅಳಿಯ ಮಾವನ ಮೈಗೆ ಮೈ ತಾಗಿಸಲಾರ, ಮಾವನ ಮುಂದೆ ದನಿ ಎತ್ತಲಾರ, ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ತಲೆಯಾಡಿಸುತ್ತಾ ಕೇಳಿದ. ಚಹಾ ಕೂಡ ತರಿಸಿದ. "ಭಾಳ ಶಾಣ್ಯಾ ಆಗಿಬಿಟ್ಟಿಯಲೇ," ಎಂದ. ನಾನು ಎದೆಯುಬ್ಬಿಸಿ ಮನೆಗೆ ಬಂದೆ. ಅವರ ಪಟ್ಟಿಯಲ್ಲಿ ಆಗ ಒಂಬತ್ತೇ ಹೆಸರಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ವಾಡಿಯವರ ಜತೆ ನಮ್ಮ ಆಟ. ಫೈರ್‌ಮನ್ ಜಿಗಿಯುತ್ತಾ ಒಳಗೆ ಬಂದ. ಎದುರಿಗೆ ಧೋತರದ ಕಚ್ಚೆ ಬಿಗಿದು, ತಲೆಗೆ ರುಮಾಲು ಸುತ್ತಿ, ಕೈಕಟ್ಟಿ ನಿಂತ ಮಾವನನ್ನು ನೋಡಿದವನೇ ಅಲ್ಲೇ ನಿಂತ.

"ಶರಣ್ರಿ ಮಾವಾರ. ಹಿಂದಕ್ಕ ಸರದು ಕುಂದ್ರಿ, ಚೆಂಡು ಬಡದೀತು."

"ಇರಲಿ ಅಳಿಯಂದ್ರ. ನೀವು ಆಡ್ರಿ. ನಾ ಸುಮ್ನ ನಿಂತಿರ್ತೀನಿ."

ಸುಮ್ಮನೆ ನಿಲ್ಲಲಿಲ್ಲ ಮುದುಕ. ಅಳಿಯ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಚೆಂಡಿನ ಕಡೆ ಅವನ ಗಮನವೇ ಇಲ್ಲ, ಅಳಿಯನ ಪಾದದ ಕಡೆ ಇತ್ತು. ಚೆಂಡು ಅಳಿಯನ ಕೈಗೆ ಬಂದ ಕೂಡಲೇ ತನ್ನ ಕಾಲನ್ನು ಅವನ ಕಾಲ ಕೆಳಗೆ ತೂರಿಸುತ್ತಿದ್ದ. ಹಿರಿಯರಿಗೆ ಕಾಲು ತಾಗಿತಲ್ಲ! ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಬಿಡಲಾದೀತೇ, ಅದೂ ಹೊಸ ಅಳಿಯ, ಸುತ್ತ ಭಂಕೂರಿನ ಅರ್ಧ ಊರೇ ಬಂದು ಕುಳಿತಿರುವಾಗ? ಅವನು "ಶರಣ್ರಿ ಮಾವಾರ" ಎಂದು ಬಗ್ಗುತ್ತಿದ್ದ. ಅವನು ಮೇಲೇಳುವುದರೊಳಗೆ ಚೆಂಡು ನಮ್ಮವರ ಕೈಯಲ್ಲಿ.

"ಲೇ, ಆ ಮುದುಕನ್ನ ದಾಟಿ ಹೋಗೋ!" ಎಂದು ವಾಡಿಯವರು ಕೂಗಿದರು.

"ನೀ ನಿಮ್ಮ ಮಾವನ್ನ ದಾಟಿ ತೋರ್ಸು ಮೊದಲ!" ಎಂದು ಅವನೂ ಕೂಗಿದ.

ಗೆದ್ದೆವು. ಆಟ ಮುಗಿದ ಮೇಲೆ ಮುದುಕ ಅಳಿಯನ ಹೆಗಲ ಮೇಲೆ ಕೈಯಿಟ್ಟು, "ಸೈಕಲ್ ಪಂಚಮಿಗೆ ಕೊಡಸ್ತೀನಿ, ಮಗಳನ್ನ ಕರಕೊಂಡು ಬರ್ರಿ," ಎಂದ. ಇನ್ನೊಂದು ಆಟದಲ್ಲಿ ಕಚೇರಿಯವರು ಸೇಡಮಿನವರನ್ನು ಸೋಲಿಸಿದರು.

ಸಂಜೆಯ ಆಟದಲ್ಲಿ ಮೊದಲ ಅರ್ಧ ಪೂರ್ತಿ ನಮ್ಮದೇ ಕೈ ಮೇಲು. ಗುಮಾಸ್ತರಿಗೆ ಏದುಸಿರು ಹತ್ತಿತ್ತು. ಬಿಡುವು ಮುಗಿದು ಸೀಟಿ ಊದಿದಾಗ ಅವರ ಗುಂಪಿನಿಂದ ಬಿಳಿ ಪಾಯಿಜಾಮ, ಕರಿ ಟೋಪಿಯ ಒಬ್ಬ ಹಿರಿಯರು ನಿಧಾನವಾಗಿ ಅಂಗಳಕ್ಕೆ ಬಂದು ಚಪ್ಪಲಿಯನ್ನು ಗೆರೆಯ ಹೊರಗೆ ಜೋಡಿಸಿಟ್ಟರು.

ಉಸ್ತಾದರು!

ಗುಮಾಸ್ತ ನನ್ನ ಕಡೆ ನೋಡಿ ಚಹಾ ಕುಡಿಯುವಂತೆ ಕೈ ಮಾಡಿ ತೋರಿಸಿದ.

ಅಳಿಯನನ್ನು ರೈಲು ಹತ್ತಿಸಲು ಹೋಗಿದ್ದ ಭಂಕೂರಿನ ಮುದುಕನನ್ನು ಬಿಟ್ಟರೆ ನಮ್ಮ ಆಟಗಾರರಲ್ಲಿ ಒಂದು ವರ್ಷವೋ ಎರಡು ವರ್ಷವೋ ಅವರ ಕೈಕೆಳಗೆ ಕೂರದವರು ಇರಲಿಲ್ಲ. ಅವರು ಕಣ್ಣು ಹಾಯಿಸಿದ ಕಡೆಯಲ್ಲೆಲ್ಲ ನಮ್ಮವರು ಓಡುವುದನ್ನು ಬಿಟ್ಟು ನೆಟ್ಟಗೆ ನಿಲ್ಲತೊಡಗಿದರು. ನಮ್ಮ ಒಳ್ಳೆಯ ಎಸೆತಗಾರ ಚೆಂಡು ಹಿಡಿದು ಹೊರಟಿದ್ದ. ಉಸ್ತಾದರು ಕೈ ಚಾಚಿ, "ಇಧರ್ ದೇ ಬೇಟಾ," ಎಂದರು. ಅವನು ಎರಡೂ ಕೈಯಿಂದ ತಂದು ಕೊಟ್ಟ.

"ಯಾಕ ಕೊಟ್ಟಿಯೋ?" ಎಂದು ನಾನು ಹೊರಗಿನಿಂದ ಅರಚಿದೆ.

"ಉಸ್ತಾದ್‌ಜಿ ಕೇಳಿದ್ರಲ್ಲ!"

"ಕೇಳಿದ್ರ ಕೊಟ್ಟುಬಿಡೋದೇನು?"

"ನೀ ಆಗಿದ್ರ ಕೊಡ್ತಿದ್ದಿಲ್ಲೇನು?"

ನೋಡನೋಡುತ್ತಿದ್ದಂತೆ ಕಚೇರಿಯವರು ನಮ್ಮ ಸಮಕ್ಕೆ ಬಂದರು. ಆಗ ಹಮಾಲ ನನ್ನ ಪಕ್ಕಕ್ಕೆ ಬಂದು ಕುಕ್ಕುರುಗಾಲಲ್ಲಿ ಕುಳಿತ.

"ಅಣ್ಣಾ, ನಾ ಸಾಲಿ ಮೆಟ್ಟಲಾನೇ ಹತ್ತಿಲ್ಲ. ಆ ಸಾಬ್ ಯಾರೋ ನನಗ ಗೊತ್ತಿಲ್ಲ. ನಾ ಹೋಗ್ಲೇನು?"

ಹೋಗುವ ಹಾಗಿರಲಿಲ್ಲ. ಉಸ್ತಾದರಿಗೆ ಹೆದರದ ಒಬ್ಬನೇ ಒಬ್ಬ ಮನುಷ್ಯ ನಮ್ಮಲ್ಲಿದ್ದ, ಅವನ ಜಾಗದಲ್ಲಿ ನನ್ನ ಹೆಸರು ದುಂಡಗೆ ಕುಳಿತಿತ್ತು. ಅಷ್ಟು ದುಂಡಗೆ ಬರೆದವನೇ ಹೋಗಿ ನಿಲ್ಲಬೇಕಾಯಿತು. ಒಬ್ಬನನ್ನು ಹೊರಗೆ ಕರೆದು ನಾನು ಒಳಗೆ ಹೋದೆ.

ಉಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀರು ಕುಡದು ಬರ್ತೀನಿ ಅಂತ ಹೋಗಿದ್ದಿಯಲ್ಲ. ಕುಡದ್ಯಾ?"

ಹದಿನೈದು ಹದಿನಾರು ವರ್ಷಗಳಾಗಿದ್ದವು. "ಕುಡದೆ ಉಸ್ತಾದ್‌ಜಿ," ಎಂದೆ.

"ಹಂಗಾದ್ರ ಹೇಳು. ಮೊದಲಿಂದ."

ಅವರು ಕಣ್ಣು ಮುಚ್ಚಿದರು. ಬೆರಳು ಎತ್ತಿದರು. ನನ್ನ ಬಾಯಿ ತಾನಾಗಿ ತೆರೆಯಿತು: "ತೇರಾ ಏಕಂ ತೇರಾ. ತೇರಾ ದೂನಿ ಛಬ್ಬೀಸ್..."

ಎರಡು ಸಾಲು ಹೇಳುವುದರಲ್ಲಿ ನನಗೆ ಹೊಳೆಯಿತು. ಉಸ್ತಾದರ ಕಣ್ಣು ಮುಚ್ಚಿವೆ. ಅವರ ಕಣ್ಣು ಮುಚ್ಚಿದ್ದರೆ ನಮ್ಮ ನಾಲ್ವರಿಗೆ ಕೈಕಾಲು ಮತ್ತೆ ಬಂದಂತೆ. ಅವರು ಓಡತೊಡಗಿದ್ದರು ಕೂಡ. ಗುಮಾಸ್ತ ಚೆಂಡು ಕಸಿದು ದಪದಪನೆ ನೆಲಕ್ಕೆ ಬಡಿಯುತ್ತಾ ಹೊರಟ. ನಮ್ಮ ಫರಸಿಯ ಮೇಲೆ ಚೆಂಡಿನ ಸದ್ದು ಜೋರು. ಉಸ್ತಾದರು ಕಣ್ಣು ತೆರೆಯದೆಯೇ ಗದರಿದರು: "ಖಾಮೋಶ್! ಹುಡುಗ ಮಗ್ಗಿ ಒಪ್ಪಸಾಕತ್ತಾನ."

ಅವನೂ ಅದೇ ಶಾಲೆಯ ಹುಡುಗನಲ್ಲವೇ? ಚೆಂಡನ್ನು ಎದೆಗಪ್ಪಿಕೊಂಡು ಉಸಿರು ಬಿಡದೆ ನಿಂತ. ನಮ್ಮವನು ಹೋಗಿ ಮರದಿಂದ ಹಣ್ಣು ಕಿತ್ತಂತೆ ಚೆಂಡು ಕಿತ್ತುಕೊಂಡ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದರಿಂದ ಸೀಟಿ ಊದಲೂ ಆಗಲಿಲ್ಲ.

"ತೇರಾ ಸತ್ತೆ ಏಕಾನವೆ. ತೇರಾ ಅಟ್ಠೆ ಏಕ್ ಸೌ ಚಾರ್..."

ಚೆಂಡು ಇನ್ನೂ ಬಳೆಯಿಂದ ದೂರವಿತ್ತು. ಆಟ ಮುಗಿಯಲು ಒಂದೆರಡು ನಿಮಿಷ. ಮಗ್ಗಿಗೆ ಉಳಿದದ್ದು ಎರಡೇ ಸಾಲು. ಮುಗಿದರೆ ಉಸ್ತಾದರು ಕಣ್ಣು ತೆರೆಯುವರು, ಕೈ ಚಾಚುವರು. ತಪ್ಪಿದರೆ ಫಿರ್ ಸೇ.

ಈಗ ಕೇಳಿ. ಹತ್ತು ವರ್ಷಗಳಿಂದ ಕಲ್ಲಿನ ಚದರ ಲೆಕ್ಕ ಹಾಕುತ್ತಿದ್ದವನು ನಾನು. ಹದಿಮೂರೊಂಬತ್ತಲೆ ನೂರಾ ಹದಿನೇಳು ಎಂದು ನಿದ್ದೆಯಲ್ಲೂ ಹೇಳುವೆ. ಒಂದು ದಿನ ಉಸ್ತಾದರ ಎದುರಿಗೆ, ಊರ ಎದುರಿಗೆ, ಆ ಸಾಲನ್ನು ಸರಿಯಾಗಿ ಹೇಳಿ ಅಡ್ಡಹೆಸರನ್ನು ಅಳಿಸಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಆ ದಿನ ಬಂದಿತ್ತು. ಇಡೀ ಚಿತ್ತಾಪುರ ಕಿವಿಗೊಟ್ಟು ಕುಳಿತಿತ್ತು. ನಮ್ಮವರು ಅತ್ತ ಚೆಂಡಿಗಾಗಿ ಎಡವುತ್ತಾ ಓಡುತ್ತಿದ್ದರು.

"ತೇರಾ ನಾಮೆ," ಎಂದೆ. ಬಳೆಯ ಕಡೆ ಒಮ್ಮೆ ನೋಡಿದೆ. "ತೇರಾ ನಾಮೆ... ಏಕ್ ಸೌ ಸೋಲಾ." ನೂರಾ ಹದಿನಾರು, ಒಂದು ಕಡಿಮೆ.

ಅಂಗಳದ ಸುತ್ತ ನಗೆ ಬಿದ್ದು ಹೊರಳಾಡಿತು. "ಇನ್ನಾ ಅಲ್ಲೇ ಅದಾನ!" ಎಂದು ಯಾರೋ ಕೂಗಿದರು. ನನ್ನ ಕಿವಿ ಕಾದ ಹಂಚಾದವು.

"ಫಿರ್ ಸೇ," ಎಂದರು ಉಸ್ತಾದರು. ಬೆರಳು ಇಳಿಯಲಿಲ್ಲ.

"ತೇರಾ ಏಕಂ ತೇರಾ. ತೇರಾ ದೂನಿ ಛಬ್ಬೀಸ್. ತೇರಾ ತಿಯಾ ಉಂತಾಲೀಸ್. ತೇರಾ ಚೌಕೆ ಬಾವನ್..." ಬಾವನ್ ಹೇಳುವಾಗ ಬಂಡಿಗಾಲಿಯ ಪಟ್ಟಿಗೆ ಚೆಂಡು ಬಡಿದು ಠಣ್ ಎಂದಿತು, ಒಂದು ಸುತ್ತು ತಿರುಗಿತು, ಒಳಗೆ ಬಿತ್ತು. ಗುಮಾಸ್ತರು ಮತ್ತೆ ನಮ್ಮ ಬಳೆಯ ಹತ್ತಿರ ಬರುವುದರೊಳಗೆ ಸಾಹೇಬರು ಕೊನೆಯ ಸೀಟಿ ಊದಿದರು.

ನಮ್ಮವರು ನನ್ನನ್ನು ಎತ್ತಲು ಬಂದರು. ಉಸ್ತಾದರು ಬೆರಳು ತೋರಿಸಿ ಅವರನ್ನು ಅಲ್ಲೇ ನಿಲ್ಲಿಸಿದರು. "ಪೂರಾ ಆಗಿಲ್ಲ ಇನ್ನಾ. ತೇರಾ ನಾಮೆ?"

"ಏಕ್ ಸೌ ಸತ್ರಾ, ಉಸ್ತಾದ್‌ಜಿ," ಎಂದೆ ಮೆಲ್ಲಗೆ. ಗದ್ದಲದಲ್ಲಿ ಅವರೊಬ್ಬರಿಗೇ ಕೇಳಿತು.

"ನನ್ನ ಮನಿ ಕಟ್ಟಿಗೆ ಫರಸಿ ಅಳದಾಗ ಹದಿಮೂರೊಂಬತ್ಲೆ ನೂರಾ ಹದಿನೇಳು ಅಂತ ನೀನೇ ಕೂಗಿದ್ದಿ. ನಾ ಒಳಗಿಂದ ಕೇಳಾಕತ್ತಿದ್ದೆ. ಹೊರಗ ಬಂದ್ರ ಓಡಿ ಹೋಗ್ತಿದ್ದಿ ಅಂತ ಬರಲಿಲ್ಲ."

"ಮತ್ತ ಗೊತ್ತಿದ್ದೂ ಫಿರ್ ಸೇ ಯಾಕ ಅಂದ್ರಿ?"

"ತಪ್ಪು ಹೇಳಿದ ಹುಡುಗಗ ಫಿರ್ ಸೇ ಅನ್ನದ ಬಿಟ್ಟರ ನಾ ಯಾತರ ಉಸ್ತಾದ?" ಚಪ್ಪಲಿಗೆ ಕಾಲು ತೂರಿಸುತ್ತಾ ಅವರು ಮತ್ತೊಂದು ಮಾತು ಸೇರಿಸಿದರು: "ಈಗ ಸಾಲಿ ಕನ್ನಡದಾಗ ನಡೀತದ. ನನ್ನ ಮುಂದ ಮಗ್ಗಿ ಒಪ್ಪಸವರು ಯಾರ್ ಉಳದಾರ? ಒಂದೇ ದಿನ ಎರಡು ಸರ್ತಿ ಕೇಳಿದಂಗಾತು."

ಮುಂದಿನ ಭಾನುವಾರದಿಂದ ಅಂಗಳ ನಮ್ಮದಾಯಿತು. ಊರವರು ನನ್ನನ್ನು ತೇರಾ ನಾಮೆ ಎನ್ನುವುದನ್ನು ಬಿಡಲಿಲ್ಲ. ಮೊದಲು ಅರ್ಧ ಊರು ಕರೆಯುತ್ತಿತ್ತು, ಆಮೇಲೆ ಇಡೀ ಊರು. ಉಸ್ತಾದರು ಒಂದು ಭಾನುವಾರವೂ ತಪ್ಪದೆ ಬಂದು ಅಂಗಳದ ಅಂಚಿಗೆ ಕೂರುತ್ತಿದ್ದರು. ಮೂರನೆಯ ಭಾನುವಾರವೋ ಏನೋ, ಗುಮಾಸ್ತ ಬಿಳಿ ಚಡ್ಡಿ ಹಾಕಿಕೊಂಡು ಗೆರೆಯ ಹತ್ತಿರ ಬಂದು ನಿಂತ.

"ಒಬ್ಬ ಕಡಿಮಿ ಇದ್ರ ನಾ ಬರ್ಲೇನು?"

"ಬಾ. ಆದ್ರ ಉಸ್ತಾದ್‌ಜಿಗೆ ಹದಿಮೂರರದು ಒಪ್ಪಸಿ ಬಾ."

ಓದಿದವನು. ಜೋರಾಗಿಯೇ ಹೊರಟ. ಸತ್ತೆಗೆ, ಅಂದರೆ ಹದಿಮೂರೇಳಲೆ ತೊಂಬತ್ತೊಂದಕ್ಕೆ, ಬಂದು ನಿಂತ. ಫಿರ್ ಸೇ. ಮತ್ತೆ ಸತ್ತೆ. ನಾವೆಲ್ಲ ಆಟ ಬಿಟ್ಟು ಸುತ್ತ ನಿಂತಿದ್ದೆವು. ಅವನು ಬೆವರು ಒರೆಸಿಕೊಂಡು, "ನೀರು ಕುಡದು ಬರ್ತೀನಿ ಉಸ್ತಾದ್‌ಜಿ," ಎಂದ.

ಅವನು ವಾಪಸು ಬಂದ, ಅದನ್ನು ಒಪ್ಪಬೇಕು. "ಏಕಾನವೆ, ಏಕಾನವೆ" ಎಂದು ಗುನುಗುತ್ತಲೇ ಬಂದ. ಅಷ್ಟರಲ್ಲಿ ನಾನು ಅವನೆದುರಿಗೆ ಯಾರನ್ನು ನಿಲ್ಲಿಸಬೇಕೆಂದು ಲೆಕ್ಕ ಹಾಕಿ ಮುಗಿಸಿದ್ದೆ. ಚಿಂಚೋಳಿಯ ಹಮಾಲನನ್ನು ಕರೆದು ನಿಲ್ಲಿಸಿ, ನಾನು ಹೋಗಿ ಉಸ್ತಾದರ ಪಕ್ಕ ಕುಳಿತೆ.